ಜೀನ್ಸ್ ಊರಲ್ಲಿ ಬನಿಯನ್ ಬಟ್ಟೆ: ಕೊಂಡ ಪ್ಯಾಟರ್ನ್ ಇಟ್ಟುಕೊಂಡು ಮನೆಯಲ್ಲೇ ನಿಟ್ ಟಾಪ್ ಹೊಲಿಯುವುದು

ಬಳ್ಳಾರಿಯಲ್ಲಿ ಹೊಲಿಗೆ ಸಾಮಾನಿನ ಅಂಗಡಿಗೆ ಹೋಗಿ ಸೂಜಿ ದಾರ ಕೇಳಿ. ಮೊದಲು ಜೀನ್ಸಿನದೇ ತೆಗೆದು ಮುಂದಿಡುತ್ತಾರೆ. ತಪ್ಪು ಅವರದಲ್ಲ. ಊರ ತುಂಬ ಜೀನ್ಸ್ ಯೂನಿಟ್ಟುಗಳು. ದಪ್ಪ ದಾರ, ದಪ್ಪ ಸೂಜಿ, ಜಿಪ್ಪು, ರಿವೆಟ್ಟು ಇವೇ ಇಲ್ಲಿ ದಿನಾ ಖರ್ಚಾಗುವ ಮಾಲು. ನನ್ನ ಮೊದಲ ನಿಟ್ ಟಾಪಿಗೂ ಅದೇ ಸೂಜಿ, ಅದೇ ದಾರ ತಂದೆ. ಹತ್ತು ವರ್ಷ ಬ್ಲೌಸು ಹೊಲಿದ ಕೈ, ಒಂದು ಟೀ ಶರ್ಟಿಗೆ ಹೆದರಬೇಕಾ ಅಂತ ಧೈರ್ಯ ಬೇರೆ.

ಕತ್ತು ತೊಟ್ಟಿಲಿನ ಹಾಗೆ ಜೋತುಬಿತ್ತು. ತಲೆ ತೂರಿಸುವಷ್ಟರಲ್ಲಿ ಹೊಲಿಗೆ ಟಪ್ ಟಪ್ ಅಂತ ಬಿಟ್ಟುಕೊಂಡಿತು. ಕೆಳಗಿನ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಲೆ ಅಲೆ. ಪಕ್ಕದ ಮನೆಯ ಹುಡುಗ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುತ್ತಾನೆ. ಅದನ್ನು ನೋಡಿ ನಕ್ಕ. "ಅಕ್ಕಾ, ಜೀನ್ಸ್ ಬಟ್ಟಿ ನಾವು ಹೇಳಿದಂಗ ಕೇಳ್ತೈತಿ. ಇದು ಹಂಗಲ್ಲ. ಇದು ಹೇಳಿದಂಗ ನಾವು ಕೇಳಬೇಕು" ಅಂದ.

ಅವನು ಹೇಳಿದ್ದು ಸರಿ. ಜೀನ್ಸ್, ಪಾಪ್ಲಿನ್, ಬ್ಲೌಸ್ ಪೀಸ್ ಎಲ್ಲ ಹಾಸುಹೊಕ್ಕಾಗಿ ನೇಯ್ದ ಬಟ್ಟೆ. ದಾರ ನೆಟ್ಟಗೆ ಇರುತ್ತದೆ, ಎಳೆದರೆ ಹಿಗ್ಗುವುದಿಲ್ಲ. ಬನಿಯನ್ ಬಟ್ಟೆ, ಹೊಸೈರಿ, ನಿಟ್ ಅಂತ ನಾವು ಕರೆಯುವುದು ಸ್ವೆಟರಿನ ಹಾಗೆ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಹೆಣೆದದ್ದು. ಎಳೆದಾಗ ಕುಣಿಕೆ ಅಗಲವಾಗುತ್ತದೆ, ಬಿಟ್ಟಾಗ ಮರಳುತ್ತದೆ. ಮುಂದೆ ಹೇಳುವ ಎಲ್ಲಾ ಉಪಾಯಗಳ ಮೂಲ ಇದೊಂದೇ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಸೆಕೆಗೆ ಕಾಟನ್ ನಿಟ್ಟಿನಷ್ಟು ಹಿತವಾದ ಬಟ್ಟೆಯೂ ಇಲ್ಲ, ಹಾಗಾಗಿ ಕಲಿತರೆ ಲಾಭವೇ.

ಪ್ಯಾಟರ್ನ್ ಓದುವುದು

ಅಳತೆಯ ಬ್ಲೌಸು ಕೊಟ್ಟು ಹೊಲಿಸಿಕೊಂಡು ಬೆಳೆದವರಿಗೆ ಕೊಂಡ ಪ್ಯಾಟರ್ನ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಅಳತೆಗೆ ಬರೆದ ಕಾಗದದ ನಮೂನೆ, ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇದೇನೂ ಹೊಸದಲ್ಲ. ಅಮೆರಿಕದ ಎಬೆನೆಜರ್ ಬಟರಿಕ್ ಅನ್ನುವ ದರ್ಜಿ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಲು ಶುರು ಮಾಡಿದ್ದು 1863ರಲ್ಲಿ. ಅವನ ಹೆಸರಿನ ಬಟರಿಕ್, ಜೊತೆಗೆ ಸಿಂಪ್ಲಿಸಿಟಿ, ಮ್ಯಾಕಾಲ್ಸ್, ಬುರ್ಡಾ ಇವೆಲ್ಲ ಹೆಸರಾದ ಪ್ಯಾಟರ್ನ್ ಕಂಪನಿಗಳು. ತೆಳು ಕಾಗದದ ಪ್ಯಾಕೆಟ್ಟಿಗಾಗಿ ನಮ್ಮೂರಲ್ಲಿ ಹುಡುಕುತ್ತಾ ಕೂರಬೇಡಿ. ಆನ್‌ಲೈನಿನಲ್ಲಿ ಪಿಡಿಎಫ್ ಕೊಂಡು ಪ್ರಿಂಟ್ ಹಾಕಿಸಿಕೊಳ್ಳುವುದೇ ಸುಲಭ.

ಕೊಳ್ಳುವ ಮುಂಚೆ ಮೂರು ವಿಷಯ ನೋಡಿ. ಮೊದಲನೆಯದು, ಪ್ಯಾಟರ್ನ್ ನಿಟ್ ಬಟ್ಟೆಗೇ ಮಾಡಿದ್ದಾ ಅನ್ನುವುದು. ನಿಟ್ ಪ್ಯಾಟರ್ನಿಗೆ ಡಾರ್ಟ್ (ಮೈ ಆಕಾರಕ್ಕೆ ಹಿಡಿಯುವ ಚೂಪು ಮಡಿಕೆ) ಇಲ್ಲದೇ ಇರಬಹುದು, ಸಾಮಾನ್ಯವಾಗಿ ಜಿಪ್ ಇರುವುದಿಲ್ಲ. ಮೈಗೆ ತಕ್ಕಂತೆ ಬಟ್ಟೆಯೇ ಹಿಗ್ಗುತ್ತದೆ ಅನ್ನುವ ಲೆಕ್ಕದಲ್ಲಿ ಅದನ್ನು ಬರೆದಿರುತ್ತಾರೆ. ಎರಡನೆಯದು, ಎಷ್ಟು ಹಿಗ್ಗುವ ಬಟ್ಟೆ ಬೇಕು ಅನ್ನುವುದು. ಪ್ಯಾಕೆಟ್ಟಿನ ಮೇಲೆ ಒಂದು ಪಟ್ಟಿ ಹಾಕಿ, ನಾಲ್ಕು ಇಂಚಿನ ಬಟ್ಟೆ ಇಲ್ಲಿಯವರೆಗೆ ಬರಬೇಕು ಅಂತ ಗುರುತು ಮಾಡಿರುತ್ತಾರೆ. ಪಿಡಿಎಫ್ ಆದರೆ 25 ಪರ್ಸೆಂಟ್, 50 ಪರ್ಸೆಂಟ್ ಅಂತ ಬರೆದಿರುತ್ತದೆ. ಮೂರನೆಯದು ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಬಿಡುವ ಬಟ್ಟೆ. ಸಿಂಪ್ಲಿಸಿಟಿ, ಮ್ಯಾಕಾಲ್ಸ್‌ನಂಥವರು ಸಾಮಾನ್ಯವಾಗಿ 1.5 ಸೆಂ.ಮೀ. ಮಾರ್ಜಿನ್ ಸೇರಿಸಿಯೇ ಕೊಡುತ್ತಾರೆ. ಎಷ್ಟೋ ನಿಟ್ ಪ್ಯಾಟರ್ನುಗಳಲ್ಲಿ ಬರೀ 6 ಮಿ.ಮೀ. ಅಥವಾ 1 ಸೆಂ.ಮೀ. ಇರುತ್ತದೆ. ಬುರ್ಡಾ ಪತ್ರಿಕೆಯ ಪ್ಯಾಟರ್ನಿನಲ್ಲಂತೂ ಮಾರ್ಜಿನ್ನೇ ಇರುವುದಿಲ್ಲ, ನಾವೇ ಸೇರಿಸಿಕೊಳ್ಳಬೇಕು. ಇದನ್ನು ಓದದೇ ಕತ್ತರಿಸಿದರೆ ಟಾಪು ಮಗಳಿಗೆ ಹೋಗುತ್ತದೆ.

ಸೈಜಿನ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಎಂ, ಎಲ್ ಅಂತ ಕೊಳ್ಳುತ್ತೀರಲ್ಲ, ಅದನ್ನು ಮರೆತುಬಿಡಿ. ಟೇಪು ತೆಗೆದು ಎದೆ, ಸೊಂಟ, ಹಿಪ್ ಅಳೆಯಿರಿ. ಸಿಂಪ್ಲಿಸಿಟಿ, ಬಟರಿಕ್‌ನಂಥವರ ಹೆಂಗಸರ ಚಾರ್ಟಿನಲ್ಲಿ ಎದೆ 34 ಇಂಚು ಇದ್ದರೆ ಸೈಜ್ 12, 36 ಇದ್ದರೆ 14, 38 ಇದ್ದರೆ 16. ನಂಬರ್ ನೋಡಿ ಬೇಜಾರು ಬೇಡ, ಅದು ಬರೀ ನಂಬರ್.

ಆಮೇಲೆ ಹೊಲಿದು ಮುಗಿದ ಟಾಪಿನ ಅಳತೆ ನೋಡಿ. ಪ್ಯಾಟರ್ನಿನ ಮೇಲೇ ಎಲ್ಲೋ ಬರೆದಿರುತ್ತದೆ. ನಿಮ್ಮ ಎದೆ 36, ಮುಗಿದ ಟಾಪ್ 39 ಅಂತಿದ್ದರೆ ಅದು ಸಡಿಲ. 34 ಅಂತಿದ್ದರೆ ಹೆದರಬೇಡಿ, ಅಚ್ಚಿನ ತಪ್ಪಲ್ಲ. ಮೈಗಿಂತ ಚಿಕ್ಕದಾಗಿ ಕತ್ತರಿಸಿ, ಹಿಗ್ಗಿಸಿ ಹಾಕಿಕೊಳ್ಳುವ ಬಿಗಿ ಟಾಪ್ ಅದು. ಬ್ಲೌಸು ಹೊಲಿಯುವವರಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. ನಾನು ಮೊದಲ ಸಲ ಸುಮ್ನೆ ಇರಲಿ ಅಂತ ಎರಡಿಂಚು ಸೇರಿಸಿದ್ದೆ. ಕತ್ತು ಜೋತುಬೀಳಲು ಅದೂ ಒಂದು ಕಾರಣ. ಮೊದಲ ಪ್ರಯತ್ನಕ್ಕೆ ಎರಡು ಮೂರು ಇಂಚು ಸಡಿಲ ಇರುವ, ದುಂಡು ಕತ್ತಿನ, ಗಿಡ್ಡ ತೋಳಿನ ಪ್ಯಾಟರ್ನ್ ಆರಿಸಿ. ಬಿಗಿ ಟಾಪು ಮೂರನೆಯದ್ದಕ್ಕೆ ಇರಲಿ.

ಇನ್ನೂ ಒಂದು ಮಾತು. ಈ ಪ್ಯಾಟರ್ನುಗಳನ್ನು ಸುಮಾರು ಐದೂವರೆ ಅಡಿ ಎತ್ತರದ ಹೆಂಗಸಿನ ಲೆಕ್ಕದಲ್ಲಿ ಬರೆಯುತ್ತಾರೆ. ನಾನು ಐದು ಅಡಿ ಒಂದಿಂಚು. ಮುಂಭಾಗ, ಹಿಂಭಾಗ ಎರಡರ ಮೇಲೂ ಅಡ್ಡಕ್ಕೆ ಜೋಡಿ ಗೆರೆ ಇರುತ್ತದೆ. ಗಿಡ್ಡ ಮಾಡಲು, ಉದ್ದ ಮಾಡಲು ಇರುವ ಜಾಗ ಅದು. ಅಲ್ಲಿ ಕಾಗದವನ್ನೇ ಮಡಿಚಿ ಒಂದಿಂಚು ಕಡಿಮೆ ಮಾಡಿಕೊಳ್ಳುತ್ತೇನೆ. ಕೆಳಗಿನ ಅಂಚಿನಲ್ಲಿ ಕತ್ತರಿಸಿದರೆ ಉದ್ದ ಸರಿಯಾಗುತ್ತದೆ, ಸೊಂಟದ ತಿರುವು ಮಾತ್ರ ಹಿಪ್ಪಿನ ಮೇಲೆ ಬಂದು ಕೂರುತ್ತದೆ. ಎದೆಗೆ ಒಂದು ಸೈಜು, ಹಿಪ್ಪಿಗೆ ಇನ್ನೊಂದು ಸೈಜು ಬರುವವರು ಕಂಕುಳಿನಿಂದ ಕೆಳಗೆ ಒಂದು ಸೈಜಿನ ಗೆರೆಯಿಂದ ಇನ್ನೊಂದು ಸೈಜಿನ ಗೆರೆಗೆ ನಿಧಾನಕ್ಕೆ ಓರೆಯಾಗಿ ಸೇರಿಸಿ ಎಳೆಯಬೇಕು.

ಪ್ರಿಂಟ್

ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೆ 28 ಹಾಳೆ ಪ್ರಿಂಟ್ ಹಾಕಿಕೊಟ್ಟರು. ಮನೆಗೆ ಬಂದು ಅಂಟಿಸಿ, ಕತ್ತರಿಸಿದ ಮೇಲೆ, ಪ್ರಿಂಟಿನ ಅಳತೆ ಸರಿಯಿದೆಯಾ ನೋಡಲು ಪ್ಯಾಟರ್ನಿನಲ್ಲೇ ಹಾಕಿರುವ ಪರೀಕ್ಷೆಯ ಚೌಕ ಅಳೆದೆ. 10 ಸೆಂ.ಮೀ. ಇರಬೇಕಾದದ್ದು 9.4 ಇತ್ತು. ಕಂಪ್ಯೂಟರಿನಲ್ಲಿ ಹಾಳೆಗೆ ಹೊಂದಿಸುವ ಆಯ್ಕೆ ಹಾಗೇ ಬಿಟ್ಟಿದ್ದರು. ಆರು ಮಿಲಿಮೀಟರ್ ತಾನೇ ಅನ್ನಿಸುತ್ತದೆ. ಲೆಕ್ಕ ಹಾಕಿ: 36 ಇಂಚಿನ ಟಾಪು 34 ಇಂಚಿಗೂ ಕಡಿಮೆಯಾಗುತ್ತದೆ. ಅಮೆರಿಕದ ಲೆಟರ್ ಹಾಳೆ ನಮ್ಮ ಎ4ಗಿಂತ ಸ್ವಲ್ಪ ಅಗಲ, ಸ್ವಲ್ಪ ಗಿಡ್ಡ. ಹಾಗಾಗಿ ಅಲ್ಲಿಯ ಪ್ಯಾಟರ್ನುಗಳಲ್ಲಿ ಈ ಯಡವಟ್ಟು ಜಾಸ್ತಿ.

ಆದ್ದರಿಂದ ಮೊದಲು ಚೌಕ ಇರುವ ಒಂದೇ ಪುಟ ಪ್ರಿಂಟ್ ಹಾಕಿಸಿ. ಆಕ್ಚುಯಲ್ ಸೈಜ್, 100 ಪರ್ಸೆಂಟ್ ಅಂತ ಬಾಯಿಬಿಟ್ಟು ಹೇಳಿ. ಅಂಗಡಿಯಲ್ಲೇ ಸ್ಕೇಲ್ ಹಿಡಿದು ಅಳೆಯಿರಿ. ನಾಚಿಕೆ ಬೇಡ. ಸರಿ ಇದ್ದರೆ ಉಳಿದದ್ದು. ಪಿಡಿಎಫ್ ಜೊತೆ ಎ0 ಅಳತೆಯ ಫೈಲ್ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಇಂಜಿನಿಯರುಗಳು ಮನೆ ಪ್ಲಾನ್ ಪ್ರಿಂಟ್ ಹಾಕಿಸುವ ದೊಡ್ಡ ಪ್ಲಾಟರ್ ಇರುವ ಕಡೆ ಹೋದರೆ ಒಂದೇ ಹಾಳೆಯಲ್ಲಿ ಬರುತ್ತದೆ, ಅಂಟಿಸುವ ತಲೆನೋವಿಲ್ಲ.

ಮೂಲ ಪ್ರಿಂಟನ್ನು ಕತ್ತರಿಸಬೇಡಿ. ಬಟರ್ ಪೇಪರ್ ಅಥವಾ ಮಕ್ಕಳ ಪುಸ್ತಕಕ್ಕೆ ಹಾಕುವ ಖಾಕಿ ಹಾಳೆಯ ಮೇಲೆ ನಿಮ್ಮ ಸೈಜಿನ ಗೆರೆಯನ್ನಷ್ಟೇ ಇಳಿಸಿಕೊಳ್ಳಿ. ಬಾಣದ ಗುರುತಿನ ಉದ್ದ ಗೆರೆ, ಮಡಿಕೆಯ ಮೇಲೆ ಇಡಬೇಕಾದ ಅಂಚು, ಅಂಚಿನಲ್ಲಿರುವ ಸಣ್ಣ ಕಚ್ಚುಗಳು, ಯಾವುದನ್ನೂ ಬಿಡದೆ ಬರೆದುಕೊಳ್ಳಿ. ತೋಳಿನಲ್ಲಿ ಒಂದು ಕಚ್ಚು ಇರುವ ಕಡೆ ಮುಂಭಾಗ, ಎರಡು ಕಚ್ಚು ಇರುವ ಕಡೆ ಹಿಂಭಾಗ.

ಬಟ್ಟೆ

ಅಂಗಡಿಗೆ ಹೋಗುವಾಗ ಟೇಪು ಪರ್ಸಿನಲ್ಲಿ ಇರಲಿ. ಬಟ್ಟೆಯನ್ನು ಅಡ್ಡಕ್ಕೆ ಮಡಿಚಿ, ತುದಿ ಬಿಟ್ಟು ನಡುವೆ 10 ಸೆಂ.ಮೀ. ಹಿಡಿದು ಎಳೆಯಿರಿ. ಜೀವ ಹೋಗುವ ಹಾಗೆ ಅಲ್ಲ, ಸಲೀಸಾಗಿ ಬರುವಷ್ಟು. 13ಕ್ಕೆ ಬಂದರೆ 30 ಪರ್ಸೆಂಟ್, 15ಕ್ಕೆ ಬಂದರೆ 50. ಪ್ಯಾಟರ್ನ್ ಕೇಳಿದ್ದಕ್ಕಿಂತ ಕಡಿಮೆ ಹಿಗ್ಗುವ ಬಟ್ಟೆ ಎಷ್ಟೇ ಚಂದ ಇದ್ದರೂ ಬೇಡ. ಆಮೇಲೆ ಕೈ ಬಿಡಿ. ಅದು ಮರಳಿ ಹತ್ತಕ್ಕೆ ಬರಬೇಕು. ಹನ್ನೊಂದಕ್ಕೇ ನಿಂತುಬಿಟ್ಟರೆ ಆ ಬಟ್ಟೆಯ ಟಾಪು ಸಂಜೆಯ ಹೊತ್ತಿಗೆ ನೈಟಿ ಆಗಿರುತ್ತದೆ. ಸ್ವಲ್ಪ ಲೈಕ್ರಾ (ರಬ್ಬರಿನ ಹಾಗೆ ಹಿಗ್ಗುವ ಎಳೆ) ಸೇರಿದ ಕಾಟನ್ ಚೆನ್ನಾಗಿ ಮರಳುತ್ತದೆ.

ನಮ್ಮ ಕಡೆ ಬರುವ ನಿಟ್ ಬಟ್ಟೆಯಲ್ಲಿ ತಮಿಳುನಾಡಿನ ತಿರುಪ್ಪೂರಿನ ಮಾಲು ಬಹಳ. ಟೀ ಶರ್ಟಿನ ಮಾಮೂಲಿ ಬಟ್ಟೆ ಸಿಂಗಲ್ ಜೆರ್ಸಿ, ವ್ಯಾಪಾರದಲ್ಲಿ ಕೆಲವರು ಸಿಂಕರ್ ಅನ್ನುತ್ತಾರೆ. ಕತ್ತರಿಸಿದ ಕೂಡಲೇ ಅದರ ಅಂಚು ಸುರುಳಿ ಸುತ್ತುತ್ತದೆ. ಎರಡೂ ಕಡೆ ಒಂದೇ ಥರ ಕಾಣುವ ಇಂಟರ್‌ಲಾಕ್ ಬಟ್ಟೆ ಸ್ವಲ್ಪ ದಪ್ಪ, ಸುರುಳಿ ಸುತ್ತುವುದಿಲ್ಲ, ಹೊಸಬರಿಗೆ ಇದೇ ಒಳ್ಳೆಯದು. ಒಂದು ಎಚ್ಚರಿಕೆ. ಟೇಲರ್ ಅಂಗಡಿಯಲ್ಲಿ ಇಂಟರ್‌ಲಾಕ್ ಅಂದರೆ ಅಂಚಿಗೆ ಹಾಕುವ ಓವರ್‌ಲಾಕ್ ಹೊಲಿಗೆ ಅಂದುಕೊಳ್ಳುತ್ತಾರೆ. ಬಟ್ಟೆ ಅಂತ ಬಿಡಿಸಿ ಹೇಳಿ. ಜಾರುವ ವಿಸ್ಕೋಸ್ ಲೈಕ್ರಾ ಮೈಮೇಲೆ ಚೆನ್ನಾಗಿ ಬೀಳುತ್ತದೆ, ಮಿಷನ್ನಿನ ಕೆಳಗೆ ಹಾವಿನ ಹಾಗೆ ಹೊರಳುತ್ತದೆ. ಸದ್ಯಕ್ಕೆ ಬೇಡ.

ದಪ್ಪ ಹೇಳುವುದು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಟಾಪಿಗೆ 180ರಿಂದ 220 ಹದವಾದದ್ದು. ಅಗಲ 60 ಇಂಚು ಇದ್ದರೆ ಗಿಡ್ಡ ತೋಳಿನ ಟಾಪಿಗೆ ಒಂದೂಕಾಲರಿಂದ ಒಂದೂವರೆ ಮೀಟರ್ ಸಾಕು. ಕೊಳವೆಯ ಹಾಗೆ ಇರುವ ಬಟ್ಟೆ ಕೊಟ್ಟರೆ ಅಗಲ ಅಳೆದು ಲೆಕ್ಕ ಹಾಕಿ.

ತಂದ ದಿನವೇ ಕತ್ತರಿ ಹಾಕಬೇಡಿ. ಕಾಟನ್ ನಿಟ್ ನೀರಿಗೆ ಬಿದ್ದರೆ ಕುಗ್ಗುತ್ತದೆ, ಉದ್ದದಲ್ಲಿ ಇನ್ನೂ ಜಾಸ್ತಿ. ಮುಂದೆ ಆ ಟಾಪನ್ನು ಹೇಗೆ ಒಗೆಯುತ್ತೀರೋ ಹಾಗೇ ಈಗ ಒಗೆಯಿರಿ. ನಾನು ಎರಡು ಸಲ ಒಗೆಯುತ್ತೇನೆ. ತಂತಿಯ ಮೇಲೆ ಜೋತು ಹಾಕಿದರೆ ಒದ್ದೆಯ ಭಾರಕ್ಕೇ ಉದ್ದವಾಗುತ್ತದೆ, ಮಂಚದ ಮೇಲೋ ಚಾಪೆಯ ಮೇಲೋ ಹರಡಿ ಒಣಗಿಸಿ.

ಸುರುಳಿ ಸುತ್ತುವ ಬಟ್ಟೆಗೆ ಒಂದು ಮನೆ ಮದ್ದು ಇದೆ. ಎರಡನೇ ಸಲ ಒಗೆದ ಮೇಲೆ ತೆಳ್ಳಗಿನ ಅನ್ನದ ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ ಇಸ್ತ್ರಿ ಮಾಡಿ. ಕಾಟನ್ ಸೀರೆಗೆ ಹಾಕುವುದಕ್ಕಿಂತ ತೆಳು ಇರಲಿ, ಸೋಸಿಕೊಳ್ಳಿ. ಬಟ್ಟೆ ಕಾಗದದ ಹಾಗೆ ಮಾತು ಕೇಳುತ್ತದೆ. ಟಾಪ್ ಮುಗಿದ ಮೇಲೆ ಒಂದು ಒಗೆತಕ್ಕೆ ಗಂಜಿ ಹೋಗುತ್ತದೆ. ಒಂದೇ ಅನನುಕೂಲ ಅಂದರೆ ಗಂಜಿ ಹಾಕಿದ ಬಟ್ಟೆಯ ಹಿಗ್ಗು ಅಳೆಯಲು ಬರುವುದಿಲ್ಲ. ಅಳೆಯುವುದನ್ನು ಮೊದಲೇ ಮುಗಿಸಿ.

ಸೂಜಿ, ದಾರ, ಮಿಷನ್

ನನ್ನ ಮೊದಲ ಟಾಪು ಕೆಟ್ಟದ್ದು ಮುಖ್ಯವಾಗಿ ಇಲ್ಲಿ. ಜೀನ್ಸ್ ಸೂಜಿಯ ಮೊನೆ ಚೂಪು, ಒತ್ತಾದ ನೇಯ್ಗೆಯನ್ನು ತೂರಿಕೊಂಡು ಹೋಗಬೇಕಲ್ಲ. ನಿಟ್ಟಿನಲ್ಲಿ ಅದು ಕುಣಿಕೆಯ ದಾರವನ್ನೇ ಕಡಿಯುತ್ತದೆ. ಆಮೇಲೆ ಹೊಲಿಗೆಯ ಪಕ್ಕದಲ್ಲಿ ಸಾಲಾಗಿ ಸಣ್ಣ ತೂತು. ನಿಟ್ಟಿಗೆ ಬೇಕಾದದ್ದು ಬಾಲ್ ಪಾಯಿಂಟ್ ಸೂಜಿ. ಮೊನೆ ಸ್ವಲ್ಪ ದುಂಡಗೆ, ದಾರವನ್ನು ಕಡಿಯದೆ ಪಕ್ಕಕ್ಕೆ ಸರಿಸಿ ನಡುವೆ ಇಳಿಯುತ್ತದೆ. ಸಾಧಾರಣ ಟೀ ಶರ್ಟ್ ಬಟ್ಟೆಗೆ 11 ಅಥವಾ 12 ನಂಬರ್, ದಪ್ಪ ಇಂಟರ್‌ಲಾಕಿಗೆ 14. ಲೈಕ್ರಾ ಜಾಸ್ತಿ ಇದ್ದರೆ ಸ್ಟ್ರೆಚ್ ಸೂಜಿ ಅಂತಲೇ ಬೇರೆ ಸಿಗುತ್ತದೆ.

ಮನೆಯ ಮಿಷನ್ನಿಗೆ ಎಚ್‌ಎ ಇಂಟು 1 ಜಾತಿಯ ಸೂಜಿ, ಅದರ ಬುಡದ ಒಂದು ಕಡೆ ಚಪ್ಪಟೆ. ಯೂನಿಟ್ಟಿನ ಪವರ್ ಮಿಷನ್ನಿಗೆ ಡಿಬಿ ಇಂಟು 1, ಬುಡ ಪೂರ್ತಿ ದುಂಡು. ನಮ್ಮೂರ ಅಂಗಡಿಗಳಲ್ಲಿ ಎರಡನೆಯದೇ ಕೈಗೆ ಮೊದಲು ಸಿಗುವುದು. ಬುಡ ಮುಟ್ಟಿ ನೋಡಿ ತನ್ನಿ.

ದಾರ ಪಾಲಿಯೆಸ್ಟರ್ ಇರಲಿ. ಕಾಟನ್ ದಾರ ಹಿಗ್ಗುವುದಿಲ್ಲ, ಎಳೆತಕ್ಕೆ ಪಟ್ಟಂತ ಹರಿಯುತ್ತದೆ. ಜೀನ್ಸಿನ ದಪ್ಪ ದಾರದ ಕೋನು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. 120 ನಂಬರಿನ ತೆಳು ಪಾಲಿಯೆಸ್ಟರ್ ಸಾಕು, ಮೇಲೂ ಅದೇ, ಬಾಬಿನ್ನಿಗೂ ಅದೇ.

ಜಿಗ್‌ಜಾಗ್ ಇರುವ ಮಿಷನ್ ಇದ್ದರೆ ನಿಟ್ ಟಾಪಿಗೆ ಅಷ್ಟೇ ಸಾಕು, ಓವರ್‌ಲಾಕ್ ಮಿಷನ್ ಬೇಕೇ ಬೇಕು ಅಂತಿಲ್ಲ. ಜಿಗ್‌ಜಾಗ್ ಅಗಲ 0.5ರಿಂದ 1 ಮಿ.ಮೀ., ಉದ್ದ 2.5 ಮಿ.ಮೀ. ಇಡಿ. ದೂರದಿಂದ ನೇರ ಹೊಲಿಗೆಯ ಹಾಗೇ ಕಾಣುತ್ತದೆ, ಎಳೆದರೆ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಳ್ಳುತ್ತದೆ.

ಮನೆಯಲ್ಲಿ ನೇರ ಹೊಲಿಗೆ ಮಾತ್ರ ಹಾಕುವ, ಕಾಲಲ್ಲಿ ತುಳಿಯುವ ಕಪ್ಪು ಮಿಷನ್ ಒಂದೇ ಇದೆಯಾ? ಆಗಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಪ್ಯಾಟರ್ನ್ ಸಡಿಲದ್ದೇ ಇರಬೇಕು, ಕತ್ತು ಅಗಲ ಇರಬೇಕು. ದೊಡ್ಡವರ ತಲೆಯ ಸುತ್ತಳತೆ ಹೆಚ್ಚುಕಡಿಮೆ 56 ಸೆಂ.ಮೀ. ಮುಗಿದ ಕತ್ತು ಹಿಗ್ಗದೆಯೇ 60 ಸೆಂ.ಮೀ. ಇದ್ದರೆ ನೇರ ಹೊಲಿಗೆಯಲ್ಲೂ ತಲೆ ತೂರುತ್ತದೆ, ದಾರ ಹರಿಯುವುದಿಲ್ಲ. ಪಕ್ಕದ ಹೊಲಿಗೆಗಳನ್ನು ಕಚ್ಚಾ ಹೊಲಿದುಕೊಂಡು ಓವರ್‌ಲಾಕ್ ಅಂಗಡಿಗೆ ಕೊಟ್ಟರೆ ಐದು ನಿಮಿಷದ ಕೆಲಸ. ಇಷ್ಟು ಯೂನಿಟ್ಟು ಇರುವ ಊರಲ್ಲಿ ಓವರ್‌ಲಾಕ್‌ಗೇನು ಬರ ಅಲ್ವಾ? ನಾಲ್ಕು ದಾರದ ಓವರ್‌ಲಾಕ್ ಹಾಕಲು ಹೇಳಿ. ಮೂರು ದಾರದ್ದು ಅಂಚು ಮುಚ್ಚಲು ಸಾಕು, ಜೋಡಿಸುವುದಕ್ಕೆ ನಾಲ್ಕು ದಾರದ್ದೇ ಗಟ್ಟಿ.

ಕತ್ತರಿಸುವುದು

ಫ್ಯಾನ್ ಆಫ್ ಮಾಡಿ. ಮೇ ತಿಂಗಳಲ್ಲಿ ಈ ಮಾತು ಹೇಳಿದ್ದಕ್ಕೆ ಬೈಯಬೇಡಿ. ಬೆಳಿಗ್ಗೆ ಆರಕ್ಕೆ ಎದ್ದು ಕತ್ತರಿಸಿ ಮುಗಿಸಿ.

ನೆಲದ ಮೇಲೆ ಹರಡುವುದೇ ಒಳ್ಳೆಯದು. ಮೇಜಿನಿಂದ ಬಟ್ಟೆ ಜೋತುಬಿದ್ದರೆ ಆ ಭಾರಕ್ಕೆ ಮೇಲಿನದೂ ಹಿಗ್ಗುತ್ತದೆ, ಹಿಗ್ಗಿದ್ದನ್ನು ಕತ್ತರಿಸಿದರೆ ತುಂಡು ಚಿಕ್ಕದಾಗುತ್ತದೆ. ಬಟ್ಟೆಯನ್ನು ಹತ್ತಿರದಿಂದ ನೋಡಿ. ಉದ್ದಕ್ಕೆ ಸಣ್ಣ ಸಣ್ಣ ಏಣಿನ ಸಾಲು ಕಾಣುತ್ತದೆ. ಪ್ಯಾಟರ್ನಿನ ಬಾಣದ ಗೆರೆ ಆ ಸಾಲಿಗೆ ಸಮವಾಗಿರಬೇಕು, ಮಡಿಕೆಯೂ ಅದೇ ಸಾಲಿನ ಮೇಲೆ ಬರಬೇಕು. ಅಗ್ಗದ ಟೀ ಶರ್ಟು ನಾಲ್ಕು ಒಗೆತಕ್ಕೆ ತಿರುಚಿಕೊಂಡು ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬರುವುದನ್ನು ನೋಡಿದ್ದೀರಲ್ಲ? ಸಾಲು ತಪ್ಪಿಸಿ ಕತ್ತರಿಸಿದರೆ ಹಾಗಾಗುತ್ತದೆ. ದಾರದ ತಿರುಚಿನಿಂದಲೂ ಆಗುತ್ತದೆ, ಅದಕ್ಕೆ ನಾವೇನೂ ಮಾಡಲಾಗದು. ಅಂಗಡಿಯ ಮಡಿಕೆಯನ್ನು ನಂಬಬೇಡಿ, ಹೊಸದಾಗಿ ಮಡಿಚಿಕೊಳ್ಳಿ.

ಜಾಸ್ತಿ ಹಿಗ್ಗುವ ದಿಕ್ಕು ಮೈ ಸುತ್ತ ಬರಬೇಕು, ಮೇಲೆ ಕೆಳಗೆ ಅಲ್ಲ. ಸರಿಮೈ (ಹೊರಗೆ ಕಾಣಬೇಕಾದ ಮುಖ) ಯಾವುದು ಅಂತ ಗೊತ್ತಾಗದಿದ್ದರೆ ಅಡ್ಡಕ್ಕೆ ಕತ್ತರಿಸಿದ ಅಂಚನ್ನು ಎಳೆಯಿರಿ. ಸಿಂಗಲ್ ಜೆರ್ಸಿ ಸರಿಮೈಯ ಕಡೆಗೆ ಸುರುಳಿ ಸುತ್ತುತ್ತದೆ.

ಗುಂಡುಸೂಜಿ ಚುಚ್ಚುವ ಬದಲು ಪ್ಯಾಟರ್ನಿನ ಮೇಲೆ ಭಾರ ಇಡಿ. ನಮ್ಮ ಮನೆಯಲ್ಲಿ ಹಳೆಯ ತೂಕದ ಬಟ್ಟುಗಳು, ಕುಟ್ಟಾಣಿ, ಒಂದು ಹಿತ್ತಾಳೆ ಚೊಂಬು. ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಪ್ಯಾಟರ್ನ್ ತೆಗೆದು, ಉದ್ದ ಕತ್ತರಿಯಲ್ಲಿ ಬಟ್ಟೆಯನ್ನು ನೆಲದಿಂದ ಎತ್ತದೆ ಕತ್ತರಿಸಿ. ಕಚ್ಚು 3 ಮಿ.ಮೀ.ಗಿಂತ ಆಳ ಬೇಡ.

ಮಿಕ್ಕಿದ ತುಂಡುಗಳನ್ನು ಬಿಸಾಡಬೇಡಿ. ಈಗಲೇ ಬೇಕು.

ಚಿಂದಿಯ ಮೇಲೆ ಪರೀಕ್ಷೆ

ಎರಡು ಚಿಂದಿ ಸೇರಿಸಿ ಅಡ್ಡ ದಿಕ್ಕಿನಲ್ಲಿ ಒಂದು ಗೇಣು ಹೊಲಿಯಿರಿ. ಆಮೇಲೆ ಜೋರಾಗಿ ಎಳೆಯಿರಿ. ದಾರ ಹರಿದರೆ ಜಿಗ್‌ಜಾಗ್ ಸ್ವಲ್ಪ ಅಗಲ ಮಾಡಿ, ಮೇಲಿನ ಟೆನ್ಷನ್ (ದಾರದ ಬಿಗಿ) ಒಂದು ಅಂಕಿ ಇಳಿಸಿ. ನಡುನಡುವೆ ಹೊಲಿಗೆ ತಪ್ಪಿದ್ದರೆ ಸೂಜಿಯ ದೋಷ, ಹೊಸದು ಹಾಕಿ ಅಥವಾ ಸ್ಟ್ರೆಚ್ ಸೂಜಿಗೆ ಬದಲಾಯಿಸಿ. ಹೊಲಿಗೆ ಹಪ್ಪಳದ ಹಾಗೆ ಅಲೆಯಾದರೆ, ಮೊದಲು ನಿಮ್ಮ ಕೈ ನೋಡಿಕೊಳ್ಳಿ. ನೇಯ್ದ ಬಟ್ಟೆಯನ್ನು ಹಿಂದೆ ಮುಂದೆ ಬಿಗಿ ಹಿಡಿದು ಹೊಲಿಯುವ ಅಭ್ಯಾಸ ನಮ್ಮದು. ಇಲ್ಲಿ ಕೈ ಬರೀ ದಾರಿ ತೋರಿಸಬೇಕು. ಎಳೆಯುವ ಕೆಲಸ ಸೂಜಿಯ ಕೆಳಗೆ ಬಟ್ಟೆಯನ್ನು ತಳ್ಳುವ ಹಲ್ಲಿನದು. ಕೈ ಸಡಿಲ ಬಿಟ್ಟರೂ ಅಲೆ ಬಂದರೆ ಬಟ್ಟೆಯನ್ನು ಮೇಲಿನಿಂದ ಅದುಮಿ ಹಿಡಿಯುವ ಫೂಟಿನ ಒತ್ತಡ ಕಡಿಮೆ ಮಾಡಿ, ಮಿಷನ್ನಿನ ತಲೆಯ ಮೇಲೆ ಅದಕ್ಕೊಂದು ತಿರುಪು ಇರುತ್ತದೆ. ಹಲ್ಲಿನ ಸಂದಿಗೆ ಬಟ್ಟೆ ಎಳೆದುಕೊಂಡು ಹೋಗುತ್ತಿದ್ದರೆ ಕೆಳಗೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ಈ ಪರೀಕ್ಷೆಗೆ ನನಗೆ ಅರ್ಧ ಗಂಟೆ ಹಿಡಿಯುತ್ತದೆ. ಟಾಪು ಹೊಲಿಯಲು ಎರಡು ಗಂಟೆ.

ಹೊಲಿಗೆ

ಭುಜದಿಂದ ಶುರು. ಇಡೀ ಟಾಪಿನ ಭಾರ ಇಲ್ಲಿ ಕೂರುವುದರಿಂದ ಇದೊಂದು ಜಾಗ ಹಿಗ್ಗಬಾರದು. ಪ್ಯಾಟರ್ನಿನಲ್ಲಿ ತೆಳು ಎಲಾಸ್ಟಿಕ್ ಅಥವಾ ಟೇಪು ಹಾಕಿ ಅಂದಿರುತ್ತಾರೆ. ನಾನು ಸೀರೆ ಫಾಲ್ ಬಳಸುತ್ತೇನೆ. ಒಗೆದು ಇಸ್ತ್ರಿ ಮಾಡಿದ ಕಾಟನ್ ಫಾಲಿನ ಉದ್ದಕ್ಕೆ ಒಂದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಉದ್ದ ಅಳೆಯಬೇಕಾದದ್ದು ಕಾಗದದ ಮೇಲಿನ ಭುಜ, ಬಟ್ಟೆಯ ಭುಜ ಅಲ್ಲ. ಬಟ್ಟೆ ಆಗಲೇ ಹಿಗ್ಗಿರಬಹುದು. ಮುಂಭಾಗ, ಹಿಂಭಾಗ ಸರಿಮೈ ಒಳಗೆ ಇಟ್ಟು, ಪಟ್ಟಿಯನ್ನು ಹಿಂಭಾಗದ ಮೇಲೆ ಇಟ್ಟು, ಮೂರನ್ನೂ ಸೇರಿಸಿ ಹೊಲಿಯಿರಿ. ಇಲ್ಲಿ ನೇರ ಹೊಲಿಗೆ ಸಾಕು.

ಮುಂದಿನದು ಕತ್ತಿನ ಪಟ್ಟಿ. ಟಾಪು ಅಂಗಡಿಯದ್ದರ ಹಾಗೆ ಕಾಣುತ್ತದೋ, ಮನೆಯಲ್ಲಿ ಹೊಲಿದದ್ದು ಅಂತ ಕೂಗಿ ಹೇಳುತ್ತದೋ ಅನ್ನುವುದು ಇಲ್ಲೇ ಗೊತ್ತಾಗುವುದು. ಪ್ಯಾಟರ್ನಿನಲ್ಲಿ ಪಟ್ಟಿಯ ಅಳತೆ ಇದ್ದೇ ಇರುತ್ತದೆ. ಆದರೆ ಅದು ಅವರು ಬಳಸಿದ ಬಟ್ಟೆಯ ಲೆಕ್ಕ. ನಾನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತೇನೆ. ಕತ್ತಿನ ಸುತ್ತಳತೆಯನ್ನು ಕತ್ತರಿಸಿದ ಅಂಚಿನಲ್ಲಿ ಅಲ್ಲ, ಹೊಲಿಗೆ ಬರುವ ಗೆರೆಯಲ್ಲಿ ಅಳೆಯಿರಿ. ಟೇಪನ್ನು ನಿಲ್ಲಿಸಿ ಹಿಡಿದರೆ ತಿರುವಿನಲ್ಲಿ ಚೆನ್ನಾಗಿ ಹೋಗುತ್ತದೆ. ಅದರ 85 ಪರ್ಸೆಂಟ್ ಪಟ್ಟಿಯ ಉದ್ದ. ಕತ್ತು 58 ಸೆಂ.ಮೀ. ಇದ್ದರೆ ಪಟ್ಟಿ 49.3, ಜೋಡಿಸುವ ಮಾರ್ಜಿನ್ 1.2 ಸೇರಿಸಿ 50.5. ತುಂಬಾ ಹಿಗ್ಗುವ ರಿಬ್ ಬಟ್ಟೆಯಾದರೆ 75ರಿಂದ 80 ಪರ್ಸೆಂಟ್ ಸಾಕು. ಅಗಲ 5 ಸೆಂ.ಮೀ. ಕತ್ತರಿಸಿದರೆ, ಮಡಿಚಿ 6 ಮಿ.ಮೀ. ಮಾರ್ಜಿನ್ ಬಿಟ್ಟು ಹೊಲಿದ ಮೇಲೆ 1.9 ಸೆಂ.ಮೀ. ಕಾಣುತ್ತದೆ. ಪಟ್ಟಿಯ ಉದ್ದ ಬಟ್ಟೆಯ ಹಿಗ್ಗುವ ದಿಕ್ಕಿನಲ್ಲೇ ಇರಬೇಕು. ಉಳಿದ ಚಿಂದಿ ಉದ್ದಕ್ಕೆ ಸಿಕ್ಕಿತು ಅಂತ ಆ ಕಡೆ ಕತ್ತರಿಸಿದರೆ ತಲೆ ತೂರುವುದಿಲ್ಲ.

ಪಟ್ಟಿಯ ಎರಡು ತುದಿ ಸೇರಿಸಿ ಬಳೆ ಮಾಡಿ. ಸರಿಮೈ ಹೊರಗೆ ಬರುವ ಹಾಗೆ ಉದ್ದಕ್ಕೆ ಮಡಿಚಿ ಇಸ್ತ್ರಿ ಮಾಡಿ. ಬಳೆಯನ್ನು ನಾಲ್ಕು ಸಮ ಭಾಗ ಮಾಡಿ ಗುಂಡುಸೂಜಿ ಸಿಕ್ಕಿಸಿ. ಈಗ ಟಾಪಿನ ಕತ್ತನ್ನೂ ನಾಲ್ಕು ಭಾಗ ಮಾಡಬೇಕು. ಎಲ್ಲರೂ ಎಡವುವುದು ಇಲ್ಲಿ. ಮುಂದಿನ ನಡು, ಹಿಂದಿನ ನಡು, ಎರಡು ಭುಜದ ಹೊಲಿಗೆ ಅಂತ ನಾಲ್ಕು ಗುರುತು ಮಾಡಿಬಿಡುತ್ತಾರೆ. ಮುಂಭಾಗದ ಕತ್ತು ಹಿಂಭಾಗಕ್ಕಿಂತ ಆಳ, ಹಾಗಾಗಿ ಉದ್ದ. ಭುಜದ ಹೊಲಿಗೆ ಸರಿ ಅರ್ಧದಲ್ಲಿ ಇರುವುದೇ ಇಲ್ಲ. ಮುಂದಿನ ನಡುವನ್ನು ಹಿಂದಿನ ನಡುವಿಗೆ ತಂದು ಸೇರಿಸಿ, ಕತ್ತನ್ನು ನೇರ ಮಾಡಿ. ಎರಡು ತುದಿಯಲ್ಲಿ ಬರುವ ಮಡಿಕೆಯೇ ನಿಜವಾದ ಕಾಲು ಭಾಗ. ಅದು ಭುಜದ ಹೊಲಿಗೆಗಿಂತ ಮುಂದೆ ಬರುತ್ತದೆ.

ಗುರುತಿಗೆ ಗುರುತು ಸೇರಿಸಿ. ಪಟ್ಟಿಯ ಜೋಡಣೆ ಹಿಂದಿನ ನಡುವಿನಲ್ಲಿ ಇರಲಿ. ಪಟ್ಟಿ ಮೇಲೆ ಕಾಣುವ ಹಾಗೆ ಮಿಷನ್ನಿನ ಕೆಳಗೆ ಇಡಿ. ಒಂದು ಗುರುತಿನಿಂದ ಮುಂದಿನ ಗುರುತಿನವರೆಗೆ ಪಟ್ಟಿಯನ್ನು ಮಾತ್ರ ಹಿಗ್ಗಿಸಿ, ಕೆಳಗಿನ ಕತ್ತು ಹೇಗಿದೆಯೋ ಹಾಗೇ ಮಲಗಿರಲಿ. ಇಡೀ ಟಾಪಿನಲ್ಲಿ ನೀವು ಬೇಕಂತಲೇ ಬಟ್ಟೆ ಎಳೆಯುವುದು ಇದೊಂದೇ ಕಡೆ. ಮುಗಿದಾಗ ಕತ್ತು ಸುಕ್ಕು ಸುಕ್ಕಾಗಿ, ಕೆಟ್ಟೇ ಹೋಯಿತು ಅನ್ನುವ ಹಾಗೆ ಕಾಣುತ್ತದೆ. ಬಿಚ್ಚಬೇಡಿ. ಮಾರ್ಜಿನ್ ಟಾಪಿನ ಕಡೆಗೆ ಮಗುಚಿ, ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಇಡಿ. ಉಜ್ಜಿದರೆ ಮತ್ತೆ ಹಿಗ್ಗುತ್ತದೆ. ಹಬೆಗೆ ಪಟ್ಟಿ ಕುಗ್ಗಿ ಕತ್ತಿಗೆ ಅಂಟಿ ಮಲಗುತ್ತದೆ. ಆಮೇಲೂ ನಿಂತೇ ಇದ್ದರೆ ಪಟ್ಟಿ ಉದ್ದವಾಯಿತು ಅಂತ ಅರ್ಥ, ಎರಡು ಸೆಂ.ಮೀ. ಕಡಿಮೆ ಮಾಡಿ. ಟಾಪೇ ಸುಕ್ಕುಗಟ್ಟಿದ್ದರೆ ಪಟ್ಟಿ ಗಿಡ್ಡವಾಯಿತು.

ತೋಳು ಸುಲಭ. ಬ್ಲೌಸಿನ ಹಾಗೆ ಸುತ್ತು ಮುಗಿಸಿ ಸಿಕ್ಕಿಸುವುದು ಬೇಡ. ಪಕ್ಕ ತೆರೆದೇ ಇರುವಾಗ ತೋಳನ್ನು ಚಪ್ಪಟೆಯಾಗಿ ಕಂಕುಳ ಸುತ್ತಿಗೆ ಸೇರಿಸಿ, ಒಂದು ಕಚ್ಚು ಮುಂದಕ್ಕೆ, ಎರಡು ಕಚ್ಚು ಹಿಂದಕ್ಕೆ. ಕಂಕುಳ ಸುತ್ತಿಗಿಂತ ತೋಳಿನ ಮೇಲಂಚು ಸ್ವಲ್ಪ ಉದ್ದ ಬಂದರೆ ಅದನ್ನು ಕೆಳಗೆ, ಹಲ್ಲಿನ ಕಡೆಗೆ ಇಟ್ಟು ಹೊಲಿಯಿರಿ. ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಹೆಚ್ಚೇ ತಳ್ಳುತ್ತದೆ, ಉದ್ದ ತಾನಾಗಿ ನುಂಗಿಹೋಗುತ್ತದೆ.

ಆಮೇಲೆ ಟಾಪಿನ ಕೆಳಗಿನಿಂದ ಕಂಕುಳದವರೆಗೆ, ಅಲ್ಲಿಂದ ತೋಳಿನ ತುದಿಯವರೆಗೆ ಒಂದೇ ಓಟ. ಕಂಕುಳದಲ್ಲಿ ಎರಡು ಹೊಲಿಗೆ ಎದುರು ಬದುರಾಗುವಂತೆ ಗುಂಡುಸೂಜಿ ಹಾಕಿ. ಅಂಚಿಗೆ ಓವರ್‌ಲಾಕ್ ಅಥವಾ 3 ಮಿ.ಮೀ. ಅಗಲದ ಜಿಗ್‌ಜಾಗ್. ಹಾಕದಿದ್ದರೂ ನಿಟ್ ಎಳೆ ಬಿಡುವುದಿಲ್ಲ, ನೋಟಕ್ಕೆ ಅಷ್ಟೇ.

ಕೊನೆಗೆ ಕೆಳಗಿನ ಮಡಿಕೆ. ಅಂಗಡಿಯ ಟೀ ಶರ್ಟಿನ ಮೇಲೆ ಎರಡು ಸಾಲು, ಒಳಗೆ ಹೆಣಿಗೆ ಇರುತ್ತದಲ್ಲ, ಅದು ಫ್ಲಾಟ್‌ಲಾಕ್ ಮಿಷನ್ನಿನದು. ಮನೆಯಲ್ಲಿ ಜೋಡಿ ಸೂಜಿ ಅದಕ್ಕೆ ಹತ್ತಿರ ಬರುತ್ತದೆ. ಒಂದೇ ಬುಡಕ್ಕೆ ಎರಡು ಸೂಜಿ, ಮೇಲೆ ಎರಡು ದಾರ, ಕೆಳಗೆ ಒಂದೇ ಬಾಬಿನ್. ನಿಟ್ಟಿಗೆ 4 ಮಿ.ಮೀ. ಅಂತರದ್ದು, ಸ್ಟ್ರೆಚ್ ಮೊನೆಯದ್ದು ತನ್ನಿ. ಇದು ಜಿಗ್‌ಜಾಗ್ ಮಿಷನ್ನಿನ ಅಗಲ ತೂತಿಗೆ ಮಾತ್ರ. ಹೊಲಿಗೆಯನ್ನು ನೇರಕ್ಕೆ ತಿರುಗಿಸಿ. ಮರೆತು ಜಿಗ್‌ಜಾಗ್‌ನಲ್ಲೇ ಬಿಟ್ಟರೆ ಸೂಜಿ ತಟ್ಟೆಗೆ ಬಡಿದು ಮುರಿಯುತ್ತದೆ. ಮೊದಲ ಎರಡು ಹೊಲಿಗೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ.

ಎರಡೂವರೆ ಸೆಂ.ಮೀ. ಒಳಕ್ಕೆ ಮಡಿಚಿ ಇಸ್ತ್ರಿ ಮಾಡಿ, ಕಚ್ಚಾ ಹೊಲಿದುಕೊಳ್ಳಿ. ಬ್ಲೌಸಿನ ಕತ್ತಿಗೆ ಇಸ್ತ್ರಿಯಲ್ಲಿ ಅಂಟಿಸುವ ತೆಳು ಫ್ಯೂಸಿಂಗ್ ಇದ್ದರೆ, ಹಿಗ್ಗುವ ಜಾತಿಯದ್ದನ್ನು ಮಡಿಕೆಯ ಒಳಗೆ ಒಂದು ಪಟ್ಟಿ ಅಂಟಿಸಿದರೆ ಅಲೆ ಬರುವುದಿಲ್ಲ. ಹೊಲಿಗೆ ಉದ್ದ 3 ಮಿ.ಮೀ. ಸರಿಮೈ ಮೇಲೆ ಇಟ್ಟು ಹೊಲಿಯಿರಿ. ಎರಡು ಸಾಲಿನ ನಡುವೆ ಬಟ್ಟೆ ಏಣಿನ ಹಾಗೆ ಉಬ್ಬಿದರೆ ಮೇಲಿನ ಟೆನ್ಷನ್ ಇಳಿಸಿ. ಜೋಡಿ ಸೂಜಿ ಇಲ್ಲದವರು ಅಗಲ 2.5, ಉದ್ದ 2.5 ಇಟ್ಟು ಜಿಗ್‌ಜಾಗ್ ಹಾಕಿ, ಚಂದವೇ ಕಾಣುತ್ತದೆ.

ಈಗ ಹಾಕಿಕೊಂಡು ಕನ್ನಡಿಯ ಮುಂದೆ ಎರಡೂ ಕೈ ಎತ್ತಿ. ಟಾಪು ಪೂರ್ತಿ ಮೇಲೆ ಬಂದರೆ ಕಂಕುಳ ಸುತ್ತು ತುಂಬ ಕೆಳಗಿದೆ. ಎದೆಯಿಂದ ಕಂಕುಳಿಗೆ ಓರೆ ಸುಕ್ಕು ಎಳೆದರೆ ಎದೆಗೆ ಒಂದು ಸೈಜು ಮೇಲಿನದು ಬೇಕು. ಭುಜ ತೋಳಿನ ಮೇಲೆ ಜಾರಿದರೆ ಭುಜಕ್ಕೆ ಒಂದು ಸೈಜು ಕೆಳಗಿನದು. ಇದನ್ನೆಲ್ಲ ಖಾಕಿ ಹಾಳೆಯ ಮೇಲೇ ತಾರೀಕು ಹಾಕಿ ಬರೆದಿಡಿ, ಬಟ್ಟೆಯ ಹೆಸರನ್ನೂ ಪಟ್ಟಿಯ ಉದ್ದವನ್ನೂ ಸೇರಿಸಿ. ನನ್ನ ಹಾಳೆಯ ಮೇಲೆ ಈಗ ನಾಲ್ಕು ಟಾಪಿನ ಲೆಕ್ಕ ಇದೆ. ಪಟ್ಟಿ 50.5, 49, 47, ಮತ್ತೆ 48. ನಾಲ್ಕನೆಯದನ್ನು ಪಕ್ಕದ ಮನೆಯ ಹುಡುಗನಿಗೆ ತೋರಿಸಿದೆ. ಕತ್ತು ಹಿಡಿದು ಎಳೆದು, ಬಿಟ್ಟು, ಒಳಮೈ ತಿರುಗಿಸಿ ನೋಡಿದ. "ಇದು ಕೇಳೈತಿ ಬಿಡಕ್ಕಾ ಮಾತು" ಅಂದ.